ಜೀಪಿನ ಛತ್ತಿಗೇರಿದ ಕೌದಿ

ಜೀಪಿನಲ್ಲಿ ಯಾದಗಿರಿ ಬಿಟ್ಟಾಗ ಎಳೆ ಬಿಸಿಲು. ಭೀಮಾ ನದಿಯ ಸೇತುವೆ ದಾಟುವಷ್ಟರಲ್ಲಿ ನಾನು ನಮ್ಮ ಯಜಮಾನರಿಗೆ ಒಂದೇ ಮಾತನ್ನು ಎರಡು ಮೂರು ಸಲ ಕೂಗಿ ಹೇಳಿದ್ದೆ: "ಹೊಳಿ ಎಷ್ಟು ತುಂಬ್ಯಾದ ನೋಡ್ರಿ!" ಪ್ರತಿ ಸಲವೂ ಅವರು ನಕ್ಕು ತಲೆಯಾಡಿಸಿದರು. ಕೇಳಿಸಿರಲಿಲ್ಲವೆಂದು ನನಗೆ ಗೊತ್ತು. ಕೇಳಿಸಿದ್ದರೆ ನದಿಯ ಕಡೆ ನೋಡುತ್ತಿದ್ದರಲ್ಲ!

ಯಜಮಾನರು ಹತ್ತಿಕುಣಿಯ ಪಶು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ಕೊಂಡ ಜೀಪು ಇದು. ದಾರಿಯಿಲ್ಲದ ಹೊಲಗಳಿಗೂ ಇದರಲ್ಲೇ ಹೋಗಿ ಎಮ್ಮೆ ಹಡೆಸಿ ಬಂದವರು ಅವರು. ಆ ಸದ್ದಿನಲ್ಲೇ ಕಿವಿ ಮಂದವಾಯಿತು. ಈಗ ಎರಡೂ ಕಿವಿಗೆ ಯಂತ್ರ. ಜೀಪಿನಲ್ಲಿ ಕೂತರೆ ಯಂತ್ರ ಆ ಗದ್ದಲವನ್ನೇ ಹೆಚ್ಚಿಸಿ ತಲೆಗೆ ಬಡಿಯುತ್ತದೆಂದು ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಈ ಸದ್ದಿನಲ್ಲಿ ಇನ್ನೂ ಓಡಾಡಿದರೆ ಉಳಿದ ಕಿವಿಯೂ ಹೋಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಗುರುಮಠಕಲ್ ಕಡೆಯವರೊಬ್ಬರು ಗಾಡಿ ನೋಡಿಕೊಂಡೂ ಹೋಗಿದ್ದರು. ಶಹಾಪುರದ ಗಾಡಿ ರಿಪೇರಿಯ ಮಿಸ್ತ್ರಿ ಕೈಯಲ್ಲಿ ಸದ್ದು ಇಳಿದರೆ ಸರಿ, ಇಲ್ಲದಿದ್ದರೆ ಸುರಪುರದ ನಮ್ಮಕ್ಕನ ಮನೆಗೆ ಹೋಗಿ ಬಂದ ಮೇಲೆ ಮಾರುವುದು ಎಂದು ತೀರ್ಮಾನವಾಗಿತ್ತು. ಅವರು ಬಾಯಿಬಿಟ್ಟು ಬೇಡ ಅನ್ನಲಿಲ್ಲ. ಸಂಜೆ ಸಂಜೆ ಒದ್ದೆ ಬಟ್ಟೆ ಹಿಡಿದು ಅದರ ಮೈ ಒರೆಸುತ್ತ ನಿಲ್ಲುತ್ತಿದ್ದರು. 

ಶಹಾಪುರ ಮುಟ್ಟಿ, ಮಿರ್ಚಿ ಭಜಿ ತಿಂದು, ಚಹಾ ಕುಡಿದು ರಫೀಕ್ ಮಿಸ್ತ್ರಿಯ ಶೆಡ್ಡಿಗೆ ಹೋದೆವು. ಬಾಯಿಗೆ ಬಿಡುವಿಲ್ಲದ ಮನುಷ್ಯ. ಮಾತಾಡುತ್ತಲೇ ಜೀಪಿನೊಳಗಿನ ರಬ್ಬರ್ ಹಾಸನ್ನು ಎತ್ತಿದ. ಅದರಡಿಯಲ್ಲಿ ನನ್ನ ಕೌದಿ! ಹಳೆಯ ಸೀರೆ, ಇವರ ಹಳೆಯ ಧೋತರ ಸೇರಿಸಿ, ಸದ್ದು ಸ್ವಲ್ಪವಾದರೂ ಅಡಗಲೆಂದು ನಾನೇ ಹೊಲಿದು ಹಾಸಿದ್ದು. ಅದರ ಅಂಚೆಲ್ಲ ಕಪ್ಪಗೆ, ತೊಯ್ದು ಕೊಳೆತಿತ್ತು. ಮಿಸ್ತ್ರಿ ಕೆಳಗಿನ ತುಕ್ಕು ಹಿಡಿದ ತಗಡಿಗೆ ಹೆಬ್ಬೆರಳು ಒತ್ತಿದರೆ ಹಪ್ಪಳ ಮುರಿದಂತೆ ಮುರಿದು ನೆಲ ಕಂಡಿತು.

"ಯಾ ಅಲ್ಲಾ! ಇಷ್ಟು ಜಂಗ ಹಿಡಿಸಿದ್ದು ಈ ಕೌದಿನೇ ನೋಡ್ರಿ ಅಕ್ಕಾರ. ಗಾಡಿ ಒಳಗ ನೀರ ಹಾಕತಿದ್ರೇನು?"

ಹಾಕದೆ? ಪ್ರತಿ ಅಮಾವಾಸ್ಯೆಗೆ ಒಳಗೂ ಹೊರಗೂ ಬಕೆಟ್‌ಗಟ್ಟಲೆ ನೀರು ಸುರಿದು ತೊಳೆದು, ಕುಂಕುಮ ಹಚ್ಚಿ, ಕಾಯಿ ಒಡೆದು ಪೂಜೆ ಮಾಡುತ್ತಿದ್ದವಳು ನಾನೇ. ಆ ನೀರನ್ನೆಲ್ಲ ಕೌದಿ ಕುಡಿದು, ಮುಂದಿನ ಅಮಾವಾಸ್ಯೆಯವರೆಗೂ ಹಿಡಿದಿಟ್ಟುಕೊಂಡಿತ್ತು. ಎಷ್ಟು ಅಕ್ಕರೆಯಿಂದ ಮಾಡಿದ್ದೆ! ನಾನೇ ಕೈಯಾರೆ ಗಾಡಿ ಕೊಳೆಸಿದೆನಲ್ಲ ಎಂದು ಅಲ್ಲೇ ಕಣ್ಣೀರು ಬಂತು.

ಯಜಮಾನರು ಅಷ್ಟರಲ್ಲಿ ಯಂತ್ರ ಹಾಕಿಕೊಂಡಿದ್ದರು. "ಹುಚ್ಚಿ, ಅಳ್ತಾರೇನು ಇದಕ್ಕ? ಇಂಜಿನ್ ಬಿಸಿಗಿ ನನ್ನ ಕಾಲ ಸುಡದಂಗ ಕಾದಿದ್ದು ಇದೇ ಕೌದಿ ಅಲ್ಲೇನು ಕಮಲಾ" ಎಂದರು. ನನಗೆ ಇನ್ನಷ್ಟು ಅಳು ಬಂತು.

ಗಾಡಿ ಅಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿನ ಹತ್ತಿರದ ಲಾಡ್ಜಿನಲ್ಲಿ ಉಳಿದೆವು. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ ಚೆನ್ನಾಗಿದ್ದವು. ಮರುದಿನ ಸಂಜೆ ಮಲಗಿದ ಬುದ್ಧನ ಗುಡ್ಡವನ್ನು ದೂರದಿಂದ ನೋಡುತ್ತ ಕೂತೆವು. ಆ ಹೊತ್ತಿಗೆ ಮಿಸ್ತ್ರಿ ಕೊಳೆತ ತಗಡು ಕತ್ತರಿಸಿ, ಹೊಸದನ್ನು ವೆಲ್ಡ್ ಮಾಡಿ, ಕೆಂಪು ಬಣ್ಣ ಬಳಿದಿದ್ದ. ನೀರು ಇಳಿದು ಹೋಗುವ, ಕಟ್ಟಿಕೊಂಡಿದ್ದ ತೂತುಗಳನ್ನು ಬಿಡಿಸಿದ್ದ. ಬಣ್ಣ ಒಣಗಿದ ಮೇಲೆ ನೆಲಕ್ಕೆ ದಪ್ಪನೆಯ ಶೀಟು ಅಂಟಿಸಿ, ಬಾಗಿಲುಗಳಿಗೆ ಹೊಸ ರಬ್ಬರ್ ಹಾಕಿ, ಇಂಜಿನ್ ಕಡೆಯ ಸಂದುಗಳನ್ನು ಮುಚ್ಚಿದ.

ಹೊರಡುವ ಬೆಳಿಗ್ಗೆ ಮೂವರೂ ಕೂತು ಒಂದು ಸುತ್ತು ಹೋದೆವು. ಕೆಳಗಿನ ಸದ್ದು ನಿಂತಿತ್ತು, ನಿಜ. ಆದರೆ ತಲೆಯ ಮೇಲಿನ ತಗಡು ಡೊಳ್ಳಿನಂತೆ ಬಡಿದುಕೊಳ್ಳತೊಡಗಿತು. ಯಜಮಾನರು ಯಂತ್ರ ಕಿತ್ತು ಜೇಬಿಗೆ ಹಾಕಿದರು.  ಮುಗಿಯಿತು, ಗುರುಮಠಕಲ್‌ನವರಿಗೇ ಗಾಡಿ ಅಂದುಕೊಂಡೆ.

ಮಿಸ್ತ್ರಿಯ ಮುಖವೂ ಸಣ್ಣದಾಯಿತು. "ಛತ್ತಿನ ಖಯಾಲೇ ಬರಲಿಲ್ರಿ ನನಗ. ತಂದ ಶೀಟ್ ಎಲ್ಲ ನೆಲಕ್ಕೇ ಆತು."

ಶೆಡ್ಡಿನ ತಂತಿ ಬೇಲಿಯ ಮೇಲೆ ನನ್ನ ಕೌದಿ ಒಣಗುತ್ತಿತ್ತು. ಮಿಸ್ತ್ರಿಯ ಹೆಂಡತಿ ಬಿಸಿನೀರಿನಲ್ಲಿ ಒಗೆದು, ಕೊಳೆತ ಅಂಚು ಕತ್ತರಿಸಿ ಹಾಕಿದ್ದಳು. ನಡುವಿನ ಭಾಗ ಗಟ್ಟಿಯಾಗಿಯೇ ಇತ್ತು.

"ಛತ್ತಿನ ಒಳಗ ನೀರ ಬರ್ತದೇನೋ ರಫೀಕಾ?" ಎಂದು ಕೇಳಿದೆ.

"ಎಲ್ಲಿಂದ ಬರಬೇಕ್ರಿ? ಒಂದು ತೂತಿಲ್ಲ."

"ಹಂಗಾರ ಕೌದಿ ಅಲ್ಲಿ ಬಡಿ."

"ಕೌದಿ ಹಾಸ್ತಾರ್ರಿ, ಹೊದಿತಾರ. ಛತ್ತಿಗಿ ಯಾರ ಬಡಿತಾರ? ಮಂದಿ ನಗ್ತಾರ್ರಿ ಅಕ್ಕಾರ!"

"ನಗಲಿ. ನಗೋದಾದರೂ ನಮಗ ಕೇಳಸ್ತದ."

ಅವನೇ ಮೊದಲು ನಕ್ಕ. ಅಂಟು ಬಳಿದು, ಅಲ್ಯುಮಿನಿಯಂ ಪಟ್ಟಿ ಇಟ್ಟು ಸ್ಕ್ರೂ ಬಿಗಿದ. ಮಧ್ಯಾಹ್ನದ ಊಟ ಮಾಡಿಸಿಯೇ ಕಳಿಸಿದರು. ತಲೆಯೆತ್ತಿದರೆ ನನ್ನ ಹಸಿರು ಇಳಕಲ್ ಸೀರೆಯ ತುಂಡು, ಅವರ ಧೋತರದ ಅಂಚು.

ಸುರಪುರದ ದಾರಿ ಹಿಡಿದೆವು. ಯಜಮಾನರು ಹೆದರುತ್ತ ಹೆದರುತ್ತ ಯಂತ್ರವನ್ನು ಕಿವಿಗಿಟ್ಟುಕೊಂಡರು. ತೆಗೆಯಲಿಲ್ಲ. ಕಾಲುವೆ ಬಂದಾಗ ಮೆಲ್ಲಗೆ, ಮನೆಯಲ್ಲಿ ಮಾತಾಡುವ ದನಿಯಲ್ಲೇ, "ನೀರ ಬಿಟ್ಟಾರ್ರಿ" ಎಂದೆ. ಅವರು ಕಾಲುವೆಯ ಕಡೆ ನೋಡಿದರು. "ಹೌದಲ್ಲ! ನಾಟಿ ಸುರು ಮಾಡ್ಯಾರ" ಎಂದರು. 

ಸ್ವಲ್ಪ ದೂರ ಹೋದ ಮೇಲೆ ಎಲ್ಲಿಂದಲೋ ಸಣ್ಣಗೆ ಗುಂಯ್ ಅನ್ನುವ ಸದ್ದು. ನಾನು ಬಾಗಿಲು ಒತ್ತಿದೆ, ಗಾಜು ಒತ್ತಿದೆ. "ಏನೋ ಬಿಟ್ಟಾನ್ರಿ ಮಿಸ್ತ್ರಿ, ಇನ್ನೂ ಸಪ್ಪಳ ಬರಾಕತ್ಯಾದ" ಎಂದೊಡನೆ ಅದು ನಿಂತಿತು. ನೋಡಿದರೆ ಯಜಮಾನರ ಮುಖ ಕೆಂಪಾಗಿತ್ತು.

"ನಾನೇ ಹಾಡಾಕತ್ತಿದ್ದೆ" ಎಂದರು. "ನಮ್ಮ ಲಗ್ನದಾಗ ನಿಮ್ಮಕ್ಕ ಹಾಡಿದ ಸೋಬಾನ ಪದ. ಸುರಪುರದ ದಾರಿ ಹಿಡದ್ರ ಅದೇ ಬಾಯಿಗಿ ಬರ್ತದ. ಯಾವಾಗಲೂ ಹಾಡ್ತೀನಲ್ಲ?"

ಯಾವಾಗಲೂ! ಆ ತುಟಿಗಳು ಅಲುಗುವುದನ್ನು ನೋಡಿ ಅಡಿಕೆ ಜಗಿಯುತ್ತಾರೆಂದು ಎಷ್ಟು ಸಲ ಬೈದಿದ್ದೆ ನಾನು! "ನಿಲ್ಲಸಬ್ಯಾಡ್ರಿ, ಹಾಡ್ರಿ" ಎಂದೆ. ಅರ್ಧ ಪದ ಮರೆತಿದ್ದರು. ಮರೆತಲ್ಲಿ ನಾನು ಹೇಳಿಕೊಟ್ಟೆ.

ತಿರುವಿನಲ್ಲಿ ಜೀಪಿನ ಸದ್ದು ಕೇಳಿದೊಡನೆ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವುದು ನಮ್ಮಕ್ಕನ ರೂಢಿ. ಅಂದು ನಾವು ಬಾಗಿಲಲ್ಲಿ ನಿಂತಾಗ ಅವಳು ಗಾಬರಿಯಿಂದ ಎದ್ದು ಬಂದಳು. "ಅಯ್ಯ, ಗಾಡಿ ಸಪ್ಪಳನೇ ಇಲ್ಲ! ಮಾರಿ ಬಸ್ಸಿಗಿ ಬಂದ್ರೇನ್ರಿ?"

ಯಜಮಾನರು ಚಪ್ಪಲಿ ಬಿಡುತ್ತ ಹೇಳಿದರು: "ಇಲ್ಲ ಅಕ್ಕಾರ, ಗಾಡ್ಯಾಗೇ ಬಂದ್ವಿ. ಮಾತಾಡ್ಕೋತ ಬಂದ್ವಿ."