ಡಬ್ಬಿಯಿಂದ ತೆಗೆದ ಬೀಜಗಳು

ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ಈ ವರ್ಷವೂ ನನ್ನ ಪಾಲಿಗೇ ಬಂತು. ಮೊರದ ತುಂಬ ಬೀಜ ಬಿದ್ದಿತ್ತು. ಒಂದನ್ನು ಹೆಬ್ಬೆರಳಲ್ಲಿ ಉಜ್ಜುತ್ತಾ ಕೂತವಳಿಗೆ ಆ ಹುಡುಗಿ ನೆನಪಾದಳು. ನೆನಪಾಗಲಿ ಎಂದು ನಾನೇನೂ ಕೂತಿರಲಿಲ್ಲ. ಆಗದಿದ್ದರೇ ಚೆನ್ನಾಗಿತ್ತು.

ನಮ್ಮೂರು ದೇವರಾಯಸಮುದ್ರದಿಂದ ಒಳಗೆ. ಅವಳು ಮುಳಬಾಗಿಲಿನಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು. ತೆಳ್ಳಗಿದ್ದಳು, ಕನ್ನಡಕ ಹಾಕುತ್ತಿದ್ದಳು, ಬಿಸಿಲಿಗೆ ಮೂಗು ಕೆಂಪಗಾಗುತ್ತಿತ್ತು. ಬೆಂಗಳೂರಿನ ಯಾವುದೋ ದೊಡ್ಡ ಕಾಲೇಜಿನಲ್ಲಿ ಓದುತ್ತಿದ್ದಳಂತೆ. ಏನು ಓದು ಎಂದರೆ, ಮನುಷ್ಯರು ಕೆಟ್ಟದ್ದು ಎಂದು ಗೊತ್ತಿದ್ದೂ ಅದನ್ನೇ ಯಾಕೆ ಮಾಡುತ್ತಾರೆ, ಅದನ್ನು ಬಿಡಿಸುವುದು ಹೇಗೆ ಎನ್ನುವುದು. ನಾನು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ನನಗೆ ನಗು ಬಂತು.

"ಇದಕ್ಕೂ ಒಂದು ಕಾಲೇಜೈತಾ?" ಅಂದೆ.

"ಇದೆ ಅಜ್ಜಿ."

"ಅಲ್ಲಿ ಓದಿದೋರು ಯಾರಾದ್ರೂ ಕೆಟ್ಟದ್ದು ಬಿಟ್ಟವ್ರಾ?"

ಅವಳು ಸ್ವಲ್ಪ ಯೋಚನೆ ಮಾಡಿ, "ನಮ್ಮ ಮೇಷ್ಟ್ರು ಇನ್ನೂ ಸಿಗರೇಟು ಬಿಟ್ಟಿಲ್ಲ" ಅಂದಳು. ಆವತ್ತೇ ನನಗೆ ಅವಳು ಹಿಡಿಸಿದ್ದು.

ಅವಳ ಓದಿಗೆ ಬೇಕಾಗಿದ್ದದ್ದು ನಮ್ಮ ಕಡ್ಡಿಪುಡಿ. ಎಲೆಅಡಿಕೆ ಜೊತೆ ನಾವು ಬಾಯಿಗೆ ಹಾಕುವ ಹೊಗೆಸೊಪ್ಪಿನ ಪುಡಿ. ನಮ್ಮ ಬೀದಿಯಲ್ಲಿ ಹಾಕದ ಹೆಂಗಸು ಇರಲಿಲ್ಲ. ನಾನು ಮದುವೆಯಾಗಿ ಬಂದ ವರ್ಷ ನಮ್ಮತ್ತೆ ಕೊಟ್ಟದ್ದು, ಅಲ್ಲಿಂದ ಬಿಟ್ಟಿರಲಿಲ್ಲ. ನನ್ನ ಮೈದುನನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ನನಗಿಂತ ಹೆಚ್ಚು. ಅವಳು ಆಂಧ್ರದ ಗಡಿ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ. ಎಲೆ ಅಗಿಯುತ್ತಲೇ ಮಾತಾಡುತ್ತಿದ್ದಳು, ಅಗಿಯುತ್ತಲೇ ಜಗಳವನ್ನೂ ಆಡುತ್ತಿದ್ದಳು.

ಆ ಹುಡುಗಿಗಿಂತ ಮುಂಚೆಯೂ ಬಂದಿದ್ದರು ಎಷ್ಟೋ ಜನ. ಕೊಳೆತ ಬಾಯಿ, ತೂತುಬಿದ್ದ ಕೆನ್ನೆಯ ಚಿತ್ರ ಗೋಡೆಗೆ ಅಂಟಿಸಿ, ಭಾಷಣ ಮಾಡಿ ಹೋಗಿದ್ದರು. ಅದರಿಂದ ಏನಾಯಿತು ಎಂದು ಹುಡುಗಿ ಕೇಳಿದಾಗ ನನ್ನ ಓರಗಿತ್ತಿ ಹೇಳಿದಳು, "ಅದ್ನ ನೋಡಿ ಎದೆ ಝಲ್ ಅಂತು ಪಾಪಾ. ಮನೇಗ್ ಬಂದು ಒಂದು ಎಲೆ ಹಾಕ್ಕೊಂಡು ಸುಧಾರಿಸ್ಕೊಂಡೆ."

ಹುಡುಗಿ ನಗಲಿಲ್ಲ. ಅದನ್ನು ಬರೆದುಕೊಂಡಳು.

ಅವಳು ಭಾಷಣ ಮಾಡುವವಳಲ್ಲ. ಸುಮ್ಮನೆ ನಮ್ಮ ಜೊತೆ ಕೂರುತ್ತಿದ್ದಳು. ಕಳೆ ಕೀಳುವಾಗ ಬದುವಿನ ಮೇಲೆ, ಟೊಮೇಟೊ ಬಿಡಿಸುವಾಗ ಬುಟ್ಟಿಯ ಪಕ್ಕ. ಯಾವಾಗ ಹಾಕಿದಿರಿ, ಯಾರು ಕೊಟ್ಟರು, ಹಾಕುವ ಮುಂಚೆ ಏನಾಯಿತು... ಇಷ್ಟೇ ಅವಳ ಪ್ರಶ್ನೆ. ಗಂಡ ಬೈದಾಗಲಾ, ಊಟವಾದಾಗಲಾ, ಪಕ್ಕದವಳು ಎಲೆಅಡಿಕೆ ಸಂಚಿ ಬಿಚ್ಚಿದಾಗಲಾ? ನಾನು ಬಾಯಿಗೆ ಹಾಕುವ ಮುಂಚೆ ಏನಾಯಿತು ಎಂದು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ನಮ್ಮಲ್ಲಿ ಎಲ್ಲರ ಮನೆಯಲ್ಲೂ ರೇಷ್ಮೆ ಹುಳ. ಹುಳಕ್ಕೆ ಹೊಗೆಸೊಪ್ಪು ಆಗಿಬರುವುದಿಲ್ಲ. ಕಡ್ಡಿಪುಡಿ ಹಾಕಿದ ಕೈಯಲ್ಲಿ ಹಿಪ್ಪುನೇರಳೆ ಸೊಪ್ಪು ಹರಡಿದರೂ ಸಾಕು, ಹುಳ ವಾಂತಿ ಮಾಡಿಕೊಂಡು ಒದ್ದಾಡುತ್ತದೆ. ಅದಕ್ಕೇ ಹುಳದ ಮನೆಗೆ ಹೋಗುವ ಹೆಂಗಸರು ಸಂಚಿಯನ್ನು ಹೊರಗೆ ಕಿಟಕಿಯ ಮೇಲಿಟ್ಟು, ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳೆದೇ ಒಳಗೆ ಹೋಗುವುದು. ಹುಳ ದೊಡ್ಡದಾಗಿ ಹಸಿವು ಹೆಚ್ಚಾದ ಕೊನೆಯ ದಿನಗಳಲ್ಲಂತೂ ಇಡೀ ಹಗಲು ಒಳಗೇ ಕೆಲಸ, ಬಾಯಿ ಖಾಲಿ. ನಮಗೆ ಅದೊಂದು ವಿಷಯವೇ ಆಗಿರಲಿಲ್ಲ. ಹುಡುಗಿ ಕಿಟಕಿಯ ಮೇಲೆ ಸಾಲಾಗಿ ಇಟ್ಟಿದ್ದ ಸಂಚಿಗಳನ್ನು ನೋಡುತ್ತಾ ಬಹಳ ಹೊತ್ತು ನಿಂತಳು.

"ಅಜ್ಜಿ, ಹುಳಕ್ಕೋಸ್ಕರ ಇಷ್ಟು ಹೊತ್ತು ಬಿಟ್ಟಿರ್ತೀರಲ್ಲ!"

"ಹುಳ ಸತ್ರೆ ನೀನು ತಂದುಕೊಡ್ತೀಯಾ ಗೂಡನ್ನ?" ಅಂದೆ ನಾನು.

ಅವಳ ಲೆಕ್ಕ ಅಲ್ಲಿಂದ ಶುರುವಾಯಿತು. ನಮಗೆ ಬಿಡಲಿಕ್ಕೆ ಆಗುವುದಿಲ್ಲ ಎನ್ನುವುದು ಸುಳ್ಳು, ಸಂಚಿ ಸೊಂಟದಲ್ಲಿದ್ದರೆ ಕೈ ತಾನಾಗಿ ಹೋಗುತ್ತದೆ, ಕಿಟಕಿಯ ಮೇಲಿದ್ದರೆ ಹೋಗುವುದಿಲ್ಲ ಎಂದಳು. ಹುಳ ಇಲ್ಲದ ದಿನಗಳಲ್ಲೂ ಸಂಚಿಯನ್ನು ಸೊಂಟಕ್ಕೆ ಸಿಕ್ಕಿಸಬೇಡಿ, ತೋಟದ ಆ ಕೊನೆಯ ಬೇವಿನ ಮರಕ್ಕೆ ನೇತುಹಾಕಿ, ಬೇಕಾದಾಗ ಎದ್ದು ಹೋಗಿ ಹಾಕಿಕೊಳ್ಳಿ, ಬೇಡ ಎನ್ನುವುದಿಲ್ಲ ಎಂದಳು. ಎಷ್ಟು ಸಲ ಹಾಕಿದೆವು ಎಂದು ತಿಳಿಯಲು ಹುಣಸೆ ಬೀಜ. ಒಂದು ಸಲ ಹಾಕಿದರೆ ಒಂದು ಬೀಜ ಸೆರಗಿನ ತುದಿಗೆ ಕಟ್ಟಿಕೊಳ್ಳುವುದು, ಸಂಜೆ ತನ್ನ ತನ್ನ ಡಬ್ಬಿಗೆ ಹಾಕುವುದು. ಎಂಟು ಹೆಂಗಸರು, ಎಂಟು ಡಬ್ಬಿ. ಶನಿವಾರ ಬಂದು ಅವಳು ಎಣಿಸುತ್ತಿದ್ದಳು.

ಡಬ್ಬಿಗಳನ್ನು ಇಟ್ಟದ್ದು ನಮ್ಮ ಜಗಲಿಯ ಮೇಲೆ. "ಈ ಅಜ್ಜಿ ಯಾರ ಮುಲಾಜಿಗೂ ಸುಳ್ಳು ಹೇಳೋರಲ್ಲ" ಎಂದು ಅವಳೇ ಎಲ್ಲರ ಮುಂದೆ ಹೇಳಿದಳು.

ಹುಳ ಇದ್ದ ವಾರಗಳಲ್ಲಿ ಬೀಜ ನಿಜವಾಗಿಯೂ ಇಳಿಯಿತು. ಅದಕ್ಕೆ ಅವಳು ಖುಷಿಪಟ್ಟ ಪರಿ... ಚಪ್ಪಾಳೆ ತಟ್ಟಿ, ನನ್ನ ಓರಗಿತ್ತಿಯ ಎರಡೂ ಕೈ ಹಿಡಿದು ಕುಣಿದಳು. ಓರಗಿತ್ತಿಗೆ ಮಕ್ಕಳಿಲ್ಲ. ಆವತ್ತು ಹುಡುಗಿಗೆ ರಾಗಿ ಹುರಿಹಿಟ್ಟು ಬೆಲ್ಲ ಕಲಸಿ ತಿನ್ನಿಸಿಯೇ ಬಸ್ಸು ಹತ್ತಿಸಿದಳು.

ಗೂಡು ಮಾರಿಯಾಯಿತು. ಹುಳದ ಮನೆ ತೊಳೆದು ಬಾಗಿಲು ಹಾಕಿದೆವು. ಸಂಚಿಗಳು ಒಂದೊಂದಾಗಿ ಬೇವಿನ ಮರದಿಂದ ಸೊಂಟಕ್ಕೆ ಬಂದವು. ಮೊದಲು ಬಂದದ್ದು ನನ್ನದೇ. ಡಬ್ಬಿಗಳು ತುಂಬತೊಡಗಿದವು. ಆ ಶನಿವಾರ ಎಣಿಸಿದಾಗ ಅವಳ ಮುಖ ಇಷ್ಟಾಯಿತು. ಬೈಯಲಿಲ್ಲ, ಊಟ ಬೇಡ ಎಂದು ಎದ್ದು ಹೋದಳು.

"ಪಾಪ ಅಕ್ಕಾ, ನಮ್ ಮನೆಗ್ ಬಂದ ಮಗು ಮುಖ ಸಪ್ಪಗ್ ಮಾಡ್ಕೊಂಡು ಹೋಯ್ತು" ಅಂದಳು ಓರಗಿತ್ತಿ.

ನಮ್ಮ ಕಡೆ ಬಂದವರನ್ನು ಹಾಗೆ ಕಳಿಸುವುದಿಲ್ಲ. ಇದ್ದದ್ದರಲ್ಲಿ ಏನಾದರೂ ಕೈಗಿಟ್ಟು, ನಗಿಸಿ ಕಳಿಸಬೇಕು. ಮುಂದಿನ ಶುಕ್ರವಾರ ಸಂಜೆ ನಾನು ಎಂಟೂ ಡಬ್ಬಿಗಳಿಂದ ಹಿಡಿಹಿಡಿ ಬೀಜ ತೆಗೆದು ತಿಪ್ಪೆಗೆ ಎಸೆದೆ. ಯಾರೂ ಹೇಳಿಕೊಡಲಿಲ್ಲ, ನಾನೇ ಮಾಡಿದ್ದು. ನೋಡಿದವರು ತಮ್ಮ ಪಾಡಿಗೆ ತಾವು ಹೋದರು. ಶನಿವಾರ ಅವಳು ಎಣಿಸಿದಳು, ನಕ್ಕಳು, ಎರಡು ಮುದ್ದೆ ಉಂಡಳು. ಆಮೇಲೆ ಪ್ರತಿ ಶುಕ್ರವಾರವೂ ಅದೇ ಕೆಲಸ.

ಆ ಹೊತ್ತಿಗೆ ಓರಗಿತ್ತಿ ಸಾರಿಗೆ ಮೊಸರು ಬೆರೆಸಿಕೊಂಡು ಉಣ್ಣುತ್ತಿದ್ದಳು. ಖಾರ ತಾಗಿದರೆ ಕಣ್ಣು ಮುಚ್ಚುತ್ತಿದ್ದಳು. ನಾನು ಬಲವಂತ ಮಾಡಿ ಬಾಯಿ ತೆರೆಸಿ ನೋಡಿದೆ. ಎಡಗೆನ್ನೆಯ ಒಳಗೆ ಬೆಳ್ಳಗೆ, ಮಧ್ಯದಲ್ಲಿ ಕೆಂಪಗೆ ಒಂದು ಹುಣ್ಣು.

"ಉಷ್ಣ ಕಣಕ್ಕಾ. ಪೋನೀಲೇ, ಹೋಗ್ಲಿ ಬಿಡು, ತುಪ್ಪ ಹಚ್ಕೋತೀನಿ."

ಹುಡುಗಿ ಎಲ್ಲರನ್ನೂ ಕೇಳಿದ್ದಳು, ಬಾಯಲ್ಲಿ ಹುಣ್ಣು ಇದೆಯಾ ಎಂದು. ಓರಗಿತ್ತಿ ಬಾಯಿ ತೆರೆಯದೆ, ಇಲ್ಲ ಎಂದು ತಲೆಯಾಡಿಸಿದ್ದಳು.

ಒಂದು ದಿನ ಹುಡುಗಿಯ ಮೇಷ್ಟ್ರು ಕಾರಿನಲ್ಲಿ ಬಂದು ಡಬ್ಬಿಗಳ ಫೋಟೊ ತೆಗೆದುಕೊಂಡು ಹೋದರು. ಆಮೇಲೆ ಹುಡುಗಿ ನನ್ನನ್ನು ಪಕ್ಕಕ್ಕೆ ಕರೆದಳು. ಬಾಯಿ ನೋಡುವ ಡಾಕ್ಟರ ವ್ಯಾನು ಒಂದೇ ಊರಿಗೆ ಬರುತ್ತದಂತೆ. ಬೀಜದ ಲೆಕ್ಕದಲ್ಲಿ ನಮ್ಮೂರಲ್ಲಿ ಕಡ್ಡಿಪುಡಿ ಕಮ್ಮಿಯಾಗಿದೆ, ಆವನಿ ಕಡೆಯ ಇನ್ನೊಂದು ಊರಲ್ಲಿ ಬಹಳ ಇದೆ ಎಂದಳು.

"ಅಲ್ಲಿಗೆ ಕಳಿಸಲಾ ಅಜ್ಜಿ? ಇಲ್ಲಿ ಯಾರಿಗೂ ತೊಂದರೆ ಇಲ್ಲ ಅಲ್ವಾ?"

ಓರಗಿತ್ತಿ ಬಾಗಿಲ ಹಿಂದೆ ನಿಂತಿದ್ದಳು. ಬೇಡ, ಹೇಳಬೇಡ ಎಂದು ಕೈಸನ್ನೆ ಮಾಡಿದಳು. ವ್ಯಾನು ಎಂದರೆ ಅವಳಿಗೆ ಹೆದರಿಕೆ. ಈಗ ಹುಣ್ಣಿನ ವಿಷಯ ಹೇಳಿದರೆ ಬೀಜದ ವಿಷಯವೂ ಹೊರಗೆ ಬೀಳುತ್ತದೆ ಎಂದು ನನಗೆ ಹೆದರಿಕೆ.

"ಕಳ್ಸಮ್ಮ" ಅಂದೆ.

ಒಂದು ವರ್ಷವಾಗುವುದರೊಳಗೆ ಓರಗಿತ್ತಿಯ ಬಾಯಿಗೆ ಎರಡು ಬೆರಳು ಹೋಗುತ್ತಿರಲಿಲ್ಲ. ಕೋಲಾರಕ್ಕೆ ಹೋದೆವು, ಅಲ್ಲಿಂದ ಬೆಂಗಳೂರಿಗೆ. ದವಡೆಯ ಅರ್ಧ ತೆಗೆದರು. ಒಂದಷ್ಟು ತಿಂಗಳು ಮೂಗಿನ ನಳಿಕೆಯಲ್ಲಿ ಗಂಜಿ. ಅಷ್ಟು ಮಾತಾಡುತ್ತಿದ್ದವಳು ಕೊನೆಗೆ ಸ್ಲೇಟಿನ ಮೇಲೆ ಗೀಟು ಹಾಕಿ ನೀರು ಕೇಳುತ್ತಿದ್ದಳು. ಮೊದಲೇ ತಂದಿದ್ದರೆ ಎಂದು ಅಲ್ಲಿಯ ಡಾಕ್ಟರು ಅಂದರು. ಎಲ್ಲರಿಗೂ ಹಾಗೇ ಅನ್ನುತ್ತಾರೋ ಏನೋ... ಇರಲಿ. ಸತ್ತಳು.

ತಿಥಿ ಮುಗಿದ ಮೇಲೆ ಹುಡುಗಿ ಬಂದಳು. ಯಾರು ಹೇಳಿದರೋ. ಅದೇ ಜಗಲಿಯ ಮೇಲೆ ಕೂತಳು. ನಾನು ಸುತ್ತಿ ಬಳಸಿ ಹೇಳಲಿಲ್ಲ.

"ಬೀಜ ತೆಗೀತಿದ್ದೋಳು ನಾನೇ. ಹುಣ್ಣಿರೋದೂ ನಂಗೊತ್ತಿತ್ತು."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ನಾನೂ ಒಂದು ಮಾತು ಅನ್ನಬಹುದಿತ್ತು. ಅವಳು ಕನ್ನಡಕ ತೆಗೆದು ದುಪಟ್ಟಾದಲ್ಲಿ ಒರೆಸಿದಳು.

"ಯಾಕೆ ಅಜ್ಜಿ?"

"ನೀನು ಸಪ್ಪಗಾದೆ, ಅದಕ್ಕೆ."

"ತಪ್ಪು ನಂದು" ಅಂದಳು. "ಕಮ್ಮಿ ಇದ್ದಾಗ ಕುಣಿದೆ, ಜಾಸ್ತಿ ಇದ್ದಾಗ ಊಟ ಬಿಟ್ಟು ಹೋದೆ. ನಿಮಗೆ ಸುಳ್ಳು ಹೇಳೋದನ್ನ ನಾನೇ ಕಲಿಸ್ದೆ. ಇದನ್ನ ನಮಗೆ ಮೊದಲನೇ ತಿಂಗಳಲ್ಲೇ ಹೇಳಿಕೊಡ್ತಾರೆ ಅಜ್ಜಿ, ಎಣಿಸೋವಾಗ ಮುಖ ತೋರಿಸಬಾರದು ಅಂತ."

ನೀರು ಕೊಟ್ಟೆ, ಕುಡಿಯಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋದಳು. ಆಮೇಲೆ ಬರಲಿಲ್ಲ. ಬೀಜದ ಲೆಕ್ಕ ಸುಳ್ಳು ಎಂದು ಕಾಲೇಜಿಗೆ ಹೇಳಿ, ಬರೆದದ್ದನ್ನೆಲ್ಲ ವಾಪಸ್ಸು ತೆಗೆದುಕೊಂಡಳಂತೆ, ಆ ಓದನ್ನೇ ಬಿಟ್ಟಳಂತೆ. ಆವನಿ ಕಡೆ ವ್ಯಾನು ಹೋಗಿದ್ದ ಊರಿನವರೊಬ್ಬರು ಹೇಳಿದರು. ನಿಜವೋ ಸುಳ್ಳೋ. ಅವಳ ನಂಬರಿಗೆ ಮೊಮ್ಮಗಳ ಕೈಲಿ ಫೋನು ಮಾಡಿಸಿದರೆ ಬೇರೆ ಯಾರೋ ಎತ್ತಿದರು.

ಇಷ್ಟಾದ ಮೇಲಾದರೂ ನಾನು ಬಿಟ್ಟೆನಾ? ಇಲ್ಲ. ಓರಗಿತ್ತಿಯನ್ನು ಮಣ್ಣು ಮಾಡಿ ಬಂದ ದಿನ ಸಂಜೆ, ಸ್ನಾನ ಮಾಡಿ, ನಾವು ಉಳಿದ ಏಳು ಜನವೂ ಸಂಚಿ ಬಿಚ್ಚಿದೆವು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಯಾಕೆ ಎಂದರೆ ನನಗೆ ಗೊತ್ತಿಲ್ಲ. ಆ ಹುಡುಗಿ ಇದ್ದಿದ್ದರೆ ಕೂತು ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದಳೇನೋ.

ಮೊನ್ನೆ ಸರ್ವೆಗೆ ಎಂದು ಇನ್ನೊಬ್ಬ ಹುಡುಗಿ ಬಂದಿದ್ದಳು, ಕೈಯಲ್ಲಿ ಮೊಬೈಲು ಹಿಡಿದು, ನಿಂತುಕೊಂಡೇ.

"ಅಜ್ಜಿ, ಹೊಗೆಸೊಪ್ಪು, ಕಡ್ಡಿಪುಡಿ ಏನಾದ್ರೂ ಹಾಕ್ತೀರಾ?"

"ಹಾಕ್ತೀನಿ. ದಿನಕ್ಕೆ ಎಂಟು ಸಲ, ಒಂಬತ್ತು ಸಲ. ಬೆಳಿಗ್ಗೆ ಕಾಫಿ ಆದ್ಮೇಲೆ ಮೊದಲನೇದು. ಆಮೇಲೆ..."

"ಸಾಕು ಅಜ್ಜಿ. ಹೌದು ಅಂದ್ರೆ ಸಾಕು, ಇದ್ರಲ್ಲಿ ಅಷ್ಟೇ ಕೇಳೋದು."

ಮೊಬೈಲು ಒತ್ತಿ ಪಕ್ಕದ ಮನೆಗೆ ಹೋದಳು. ಇನ್ನೇನಾದರೂ ಕೇಳುವುದಕ್ಕೆ ವಾಪಸ್ಸು ಬರುತ್ತಾಳೇನೋ ಎಂದು ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಬೀದಿಯ ಕೊನೆಯ ಮನೆಯನ್ನೂ ಮುಗಿಸಿಕೊಂಡು ಬಸ್‌ಸ್ಟಾಪಿನ ಕಡೆ ಹೋದಳು.