ಹೃದಯಕ್ಕೊಂದು ತೂತು

ನಾನು ಓದು ಬಿಟ್ಟದ್ದು ೧೯೯೧ರಲ್ಲಿ, ಎಂಟನೆಯ ಇಯತ್ತೆಯ ನಡುವೆ. ಇದರಿಂದ ಶಾಲೆಗೆ ದೊಡ್ಡ ನಷ್ಟವಾಯಿತೆಂದು ಬಹಳ ದಿನ ನಂಬಿದ್ದೆ. ಖಾನಾಪುರದ ಮಣ್ಣಿಗಂತೂ ಲಾಭವಾಯಿತು. ಕುಂಬಾರಿಕೆಯಲ್ಲಿ ನನ್ನ ಕೈಗೆ ಸಮ ಕೈಯಿಲ್ಲ ಎಂದು ನಾನೇ ಹೇಳುತ್ತಿರುತ್ತೇನೆ.

ನನ್ನ ತಂಗಿ ಸುವರ್ಣಾ ಮಾತ್ರ ಓದಿದಳು, ಓದಿಯೇ ಓದಿದಳು. ಬೆಳಗಾವಿಯ ವೈದ್ಯಕೀಯ ಕಾಲೇಜೊಂದರಲ್ಲಿ ಶರೀರರಚನೆ ಕಲಿಸುವ ಅಸಿಸ್ಟಂಟ್ ಪ್ರೊಫೆಸರ್ ಆದಳು. ಹೋದ ವರ್ಷ ಅಸೋಸಿಯೇಟ್ ಆಗುವ ಸರದಿ ಬಂತು. "ಡಾಕ್ಟರ್ ಆದ ಮ್ಯಾಲ ಇನ್ನೇನ್ ಆಗೂದೈತಿ?" ಎಂದು ಬಾಜು ಮನೆಯ ಪಾರವ್ವ ಕೇಳಿದಳು. ನನಗೆ ತಿಳಿದ ಶಾಸ್ತ್ರದಲ್ಲಿ ವಿವರಿಸಿದೆ: ತಿಗರಿಯಿಂದ ಇಳಿಸಿದ ಹಸಿ ಗಡಿಗೆ ಅಸಿಸ್ಟಂಟ್, ನೆರಳಲ್ಲಿ ಒಣಗಿದ್ದು ಅಸೋಸಿಯೇಟ್, ಬೆಂದು ಕೆಂಪಾದದ್ದು ಪ್ರೊಫೆಸರ್. ಬಿದ್ದರೆ ಮೂರೂ ಒಡೆಯುತ್ತವೆ.

ಸಂದರ್ಶನದಲ್ಲಿ ಹತ್ತು ನಿಮಿಷ ಹೃದಯದ ಪಾಠ ಮಾಡಿ ತೋರಿಸಬೇಕಿತ್ತು. ಪ್ಲಾಸ್ಟಿಕ್ಕಿನ ಹೃದಯ ಅಂಗಡಿಯಲ್ಲೇ ಸಿಗುತ್ತದೆಂದು ಅವಳು ಹೇಳಿದರೂ ನನ್ನ ಅಭಿಮಾನ ಕೇಳಲಿಲ್ಲ. ಅವಳ ಪುಸ್ತಕದ ಚಿತ್ರ ಎದುರಿಗಿಟ್ಟುಕೊಂಡು ಹದಿನೈದು ದಿನ ಮಣ್ಣು ಮೆತ್ತಿದೆ. ಮುಚ್ಚಳ ತೆಗೆದರೆ ಬಲಗಡೆಯ ಕೋಣೆಗಳು ಕಾಣಬೇಕು. ಎಡಗಡೆಯವು ಅವುಗಳ ಹಿಂದೆ, ಸುತ್ತ ಮುಚ್ಚಿಕೊಂಡು. ಆದರೆ ಪೂರ್ತಿ ಮುಚ್ಚಿದ ಪೊಳ್ಳು ಮಣ್ಣನ್ನು ಹಾಗೇ ಬೆಂಕಿಗಿಟ್ಟರೆ ಒಳಗಿನ ಆವಿ ಅದನ್ನು ಸಿಡಿಸಿಬಿಡುತ್ತದೆ. ಎಲ್ಲಾದರೂ ಒಂದು ತೂತು ಬೇಕೇ ಬೇಕು. ಹೊರಗೆ ಚುಚ್ಚಿದರೆ ಅಂದ ಕೆಡುತ್ತದೆಂದು, ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಗೆ ಚುಚ್ಚಿದೆ. ಮುಚ್ಚಳ ತೆಗೆದವರಿಗೆ ಮೊದಲು ಕಾಣುವುದು ಆ ಗೋಡೆಯೇ ಎಂಬುದು ಹೊಳೆಯಲಿಲ್ಲ. ಬಣ್ಣ ಒಣಗುವಷ್ಟರಲ್ಲಿ ಸಂದರ್ಶನದ ದಿನ ಬಂದಿತ್ತು.

ಬೆಳಿಗ್ಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊರಟೆ. ಗಂಟಿನಲ್ಲೇನು ಎಂದು ಕೇಳಿದ ಕಂಡಕ್ಟರನಿಗೆ ಹೃದಯ ಎಂದೆ. "ಗಟ್ಟಿ ಹಿಡೀರಿ ಕಾಕಾ, ಈ ರಸ್ತಾದಾಗ ನಮ್ಮದ ಉಳಿಯೂದು ಕಷ್ಟ ಐತಿ" ಎಂದ.

ಸಂಜೆ ಬೆಳಗಾವಿಯ ಹಿಂದವಾಡಿಯ ತನ್ನ ಮನೆಯಲ್ಲಿ ತಂಗಿ ನಡೆದದ್ದನ್ನು ಹೇಳಿದಳು. ಪರೀಕ್ಷಕರೊಬ್ಬರು ತೂತಿನೊಳಗೆ ಪೆನ್ನು ತೂರಿಸಿ ಇದೇನೆಂದು ಕೇಳಿದರಂತೆ. ಇವಳು, ನಮ್ಮಣ್ಣ ಕುಂಬಾರ, ಸುಡುವಾಗ ಸಿಡಿಯದಿರಲೆಂದು ಚುಚ್ಚಿದ್ದಾನೆ, ದೊಡ್ಡವರ ಹೃದಯದಲ್ಲಿ ಇದು ಇರಬಾರದು, ನೋಡಿಕೊಳ್ಳದೆ ತಂದದ್ದು ನನ್ನ ತಪ್ಪು ಎಂದುಬಿಟ್ಟಳಂತೆ. ಇದರ ಮೇಲೆ, ಹೊಟ್ಟೆಯೊಳಗಿನ ಕೂಸಿಗೆ ಅದೇ ಜಾಗದಲ್ಲಿ ಒಂದು ಕಿಂಡಿ ಇರುತ್ತದೆ ಎಂದೂ ನನಗೆ ತಿಳಿಸಿದಳು. ನಾನು ಕೇಳಿಯೇಬಿಟ್ಟೆ:

"ಕೂಸಿನ ಹೃದಯ ಅಂತ ಹೇಳಿ ಪಾರಾಗಬೇಕಿತ್ತಲ್ಲವ್ವಾ."

"ನಾಳಿ ಹುಡುಗರ ಮುಂದ ನಿಂತು ಕಲಿಸಾಕಿ ನಾನಣ್ಣಾ. ಅವರಿಗೇನ್ ಹೇಳ್ಲಿ?"

ಊರಿಗೆ ಮರಳಿದ ಮೇಲೆ ಎಂಟು ದಿನ ನನ್ನ ತಿಗರಿಯಿಂದ ನೆಟ್ಟಗಿನ ಗಡಿಗೆ ಏಳಲಿಲ್ಲ. ಇಷ್ಟು ವರ್ಷದ ಅವಳ ಓದನ್ನು ಒಂದು ಕಡ್ಡಿಯಿಂದ ಚುಚ್ಚಿದೆನಲ್ಲ ಎಂಬುದೇ ಚಿಂತೆ. ಒಂಬತ್ತನೆಯ ದಿನ ಅವಳಿಗೆ ಬಡ್ತಿಯ ಆದೇಶ ಬಂತು. ಫೋನಿನಲ್ಲಿ ಅವಳು ಮೊದಲು ಹೇಳಿದ್ದು ಅದನ್ನಲ್ಲ; ವಿದ್ಯಾರ್ಥಿಗಳಿಗೆ ಇನ್ನೂ ಆರು ಹೃದಯ ಬೇಕು, ತೂತು ಮಾತ್ರ ತಳದಲ್ಲಿರಲಿ ಎಂದು.

ಈಗ ನನ್ನ ಹತ್ತಿರ ಒಂದು ತಿಗರಿ, ಗಡಿಗೆ ಸುಡುವ ಎರಡು ಆವಿಗೆ, ಒಣಗುತ್ತಿರುವ ಆರು ಹೃದಯ ಇವೆ. ನನ್ನ ತಪ್ಪನ್ನು ನಾಲ್ಕು ಜನರ ಮುಂದೆ ತಪ್ಪೆಂದು ಹೇಳಿ, ನನ್ನನ್ನು ಅಣ್ಣ ಎಂದೂ ಹೇಳಿಕೊಂಡ ಅಸೋಸಿಯೇಟ್ ಪ್ರೊಫೆಸರ್, ಒಬ್ಬಳು.