ಗೌರಿಯ ಹಾಲು ಒಡೆಯಬಾರದು

ಪಂಚನಹಳ್ಳಿಗೆ ವರ್ಗವಾಗಿ ಬಂದ ಮೇಲೆ ನನಗೆ ಮನೆಯಲ್ಲೇ ಚೀಸ್ ಮಾಡುವ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ನೋಡಿದಾಗ ಬಲು ಸುಲಭ ಅನ್ನಿಸಿತ್ತು. ಕಾದ ಹಾಲಿಗೆ ನಿಂಬೆರಸ ಹಿಂಡಿ, ಒಡೆದದ್ದನ್ನು ಬಟ್ಟೆಯಲ್ಲಿ ಸೋಸಿ, ಉಪ್ಪು ಬೆರೆಸಿದರೆ ಆಯಿತು. ಭಾನುವಾರ ಬೆಳಿಗ್ಗೆ, ನಮಗೆ ಹಾಲು ಹಾಕುವ ಪಕ್ಕದ ಮನೆಯ ರುದ್ರಮ್ಮನ ಹತ್ತಿರ ಎರಡು ಲೀಟರ್ ಜಾಸ್ತಿ ಕೇಳಿದೆ.

“ಯಾಕೆ, ನೆಂಟರು ಬಂದವ್ರಾ?”

“ಇಲ್ಲ ರುದ್ರಮ್ಮ, ನಿಂಬೆಹಣ್ಣು ಹಿಂಡಿ ಒಡೆಸ್ಬೇಕು.”

ಅಳೆಯುತ್ತಿದ್ದ ಕೈ ನಿಂತುಹೋಯಿತು. “ಬೇಕೂಂತ ಹಾಲು ಒಡೆಸ್ತಾರೇನ್ರೀ? ಉಕ್ಕಿ ಬೆಂಕಿಗೆ ಬಿದ್ರೇನೇ ಹಸುವಿನ ಕೆಚ್ಚಲು ಬಾತ್ಕೊಳ್ತದೆ, ಇನ್ನು ಒಡೆಸಿದ್ರೆ ಕೇಳ್ಬೇಕಾ? ನಮ್ಮ ಗೌರಿ ಹಾಲನ್ನ ಇದಕ್ಕೆ ನಾನು ಕೊಡಲ್ಲ ಕಣ್ರೀ.”

“ಮೊಸರು ಮಾಡಲ್ವಾ ಮತ್ತೆ?”

“ಹೆಪ್ಪು ಹಾಕಿದ್ರೆ ಹಾಲು ತಾನಾಗೇ ಮಲಗ್ತದೆ. ನೀವು ಹುಳಿ ಹಿಂಡಿ ಕೊಲ್ತೀರಿ.”

ನನ್ನ ಮುಖ ಸಪ್ಪಗಾದದ್ದು ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. ಎದುರುಮನೆಗೆ ಕೂಗಿದರು: “ಲೇ ಜಯಾ, ನಿಮ್ಮ ಎಮ್ಮೆ ಹಾಲು ಎರಡು ಲೀಟರ್ ಕೊಡೇ, ಇವರು ಏನೋ ತಿಂಡಿ ಮಾಡ್ತಾರಂತೆ!” ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಎಮ್ಮೆಗೆ ಏನೂ ಆಗಲ್ಲ ಬಿಡಿ” ಅಂದರು.

ಚೀಸ್ ಬೆಣ್ಣೆಯ ಹಾಗೆ ಬಂತು. ರುದ್ರಮ್ಮ ರಾಗಿ ರೊಟ್ಟಿಯ ಜೊತೆ ತಿಂದು, “ಉಪ್ಪು ಒಂಚೂರು ಕಮ್ಮಿ” ಎಂದು ಇನ್ನೊಂದು ಚಮಚ ಚೀಸ್ ಹಾಕಿಸಿಕೊಂಡರು. “ಸೋಸಿದ ನೀರು ಚೆಲ್ಬಿಟ್ರಾ? ತನ್ನಿ, ಗೌರಿಗೆ ಕಲಗಚ್ಚಿನ ಜೊತೆ ಇಡ್ತೀನಿ.”

ಈಗ ಭಾನುವಾರ ಸೋಸಿದ ನೀರು ತರುವ ನನ್ನ ಬಕೆಟ್ಟಿನ ಸದ್ದಾದರೆ ಸಾಕು, ಗೌರಿ ಕಿವಿ ನಿಮಿರಿಸುತ್ತಾಳೆ. ನಾನು ಮಾತ್ರ ಎದುರುಮನೆ ದಾಟುವಾಗಲೆಲ್ಲ ಆ ಎಮ್ಮೆಯ ಕೆಚ್ಚಲಿನ ಕಡೆ ಒಮ್ಮೆ ಕಣ್ಣು ಹಾಯಿಸಿಯೇ ಮುಂದೆ ಹೋಗುತ್ತೇನೆ.